ಇಸಿ ಪೆನ್ನು, ಮೂರರ ಮೀಟರು, ಲ್ಯಾಬು: ನನ್ನ ಓಟು ಪೆನ್ನಿಗೆ

ನಮ್ಮ ತೋಟ ಉದ್ಯಾವರ ಹೊಳೆ ಬದಿಯಲ್ಲಿದೆ. ತೆಂಗು, ಒಂದಷ್ಟು ಗುಳ್ಳ ಬದನೆ, ಅಲಸಂಡೆ. ಮಳೆಗಾಲದಲ್ಲಿ ಬಾವಿ ನೀರು ಚೆನ್ನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕಮ್ಮಿಯಾದರೆ ಭರತದ ಜೊತೆ ಉಪ್ಪು ಮೇಲೆ ಬರುತ್ತದೆ, ಬಾವಿಗೂ ಸೇರುತ್ತದೆ. ಅದು ನಾಲಿಗೆಗೆ ಗೊತ್ತಾಗುವ ಹೊತ್ತಿಗೆ ಅಲಸಂಡೆಯ ಎಲೆ ತುದಿ ಸುಟ್ಟಿರುತ್ತದೆ. ಅದಕ್ಕೇ ನನಗೆ ನೀರಿನ ಉಪ್ಪು ಅಳೆಯುವ ಇಸಿ ಪೆನ್ನು ಇಷ್ಟ. ಪಂಪು ಹಾಕುವ ಮೊದಲು ಒಂದು ಲೋಟ ನೀರಿಗೆ ಅದ್ದಿದರೆ ಸಾಕು.

ಆದರೆ ಒಂದು ಕಿರಿಕಿರಿ ಇದೆ. ಮೊದಲು ತಂದದ್ದು ಅಗ್ಗದ ಟಿಡಿಎಸ್ ಪೆನ್ನು, ಕರಗಿದ ಲವಣವನ್ನು ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಭಾಗ ಅಂತ) ಮಾತ್ರ ತೋರಿಸುವಂಥದ್ದು. ಪಕ್ಕದ ಮನೆಯವರ ಹತ್ತಿರ ಬೇರೆ ಕಂಪನಿಯದು. ಒಂದೇ ಲೋಟದ ನೀರಿಗೆ ಎರಡೂ ಬೇರೆ ಬೇರೆ ಲೆಕ್ಕ ಕೊಟ್ಟವು! ಯಾವುದೂ ಕೆಟ್ಟಿರಲಿಲ್ಲ. ಈ ಪೆನ್ನುಗಳು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅಂದರೆ ಇಸಿಯನ್ನು. ಆಮೇಲೆ ಒಂದು ಕಂಪನಿ ಅದನ್ನು 0.5ರಿಂದ ಗುಣಿಸುತ್ತದೆ, ಇನ್ನೊಂದು 0.7ರಿಂದ. ಹಾಗಾಗಿ ಇಸಿ 1000 ಮೈಕ್ರೋಸೀಮೆನ್ಸ್ ಇರುವ ನೀರು ಒಂದರಲ್ಲಿ 500, ಇನ್ನೊಂದರಲ್ಲಿ 700.

ನೀರಾವರಿ ಪಟ್ಟಿಗಳಲ್ಲಿ ಇಸಿ ಇರುವುದೋ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಅಂತ. 0.7ಕ್ಕಿಂತ ಕೆಳಗೆ ಚಿಂತೆ ಇಲ್ಲ, 3ರವರೆಗೆ ಬೆಳೆ ನೋಡಿಕೊಂಡು ಹಾಕಬೇಕು, ಅದರ ಮೇಲೆ ಕಷ್ಟ. ಪಿಪಿಎಂ ಹಿಡಿದುಕೊಂಡು ಇದಕ್ಕೆ ತಾಳೆ ಹಾಕಲು ಹೊರಟರೆ ತಲೆ ಕೆಡುತ್ತದೆ. ಕೊಳ್ಳುವಾಗ ಮೈಕ್ರೋಸೀಮೆನ್ಸ್ ತೋರಿಸುವ ಬಟನ್ ಇದೆಯಾ ಅಂತ ನೋಡಿ. ಸೆಂಟಿಮೀಟರಿಗೆ 1000 ಮೈಕ್ರೋ ಅಂದರೆ ಮೀಟರಿಗೆ 1 ಡೆಸಿಸೀಮೆನ್ಸ್, ಗುಣಾಕಾರದ ಗೊಡವೆಯೇ ಇಲ್ಲ. ಜೊತೆಗೆ ಪೆನ್ನು ಸರಿ ತೋರಿಸುತ್ತದಾ ಅಂತ ನೋಡಲು 1413 ಮೈಕ್ರೋಸೀಮೆನ್ಸಿನ ಕ್ಯಾಲಿಬ್ರೇಶನ್ ದ್ರಾವಣವನ್ನೂ ತನ್ನಿ.

ತೇವ, ಬೆಳಕು, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಮೂರನ್ನೂ ತೋರಿಸುತ್ತೇನೆ ಅನ್ನುವ, ಮಣ್ಣಿಗೆ ಚುಚ್ಚುವ ಮೂರರ ಮೀಟರು ಬೇಡವೇ ಬೇಡ. ಬ್ಯಾಟರಿ ಇಲ್ಲದ ಆ ಕಡ್ಡಿಯ ಮುಳ್ಳು ನೀರು ಹಾಕಿದ ಮೇಲೆ ಒಂದು ಪಿಎಚ್, ಒಣಗಿದಾಗ ಇನ್ನೊಂದು ಪಿಎಚ್ ತೋರಿಸುತ್ತದೆ. ನಮ್ಮ ಮೇಲಿನ ಮುರಕಲ್ಲು ಜಾಗಕ್ಕೆ ಅದು ಕೊಟ್ಟ ಉತ್ತರ 7. ಲ್ಯಾಬಿನಲ್ಲಿ ಬಂದದ್ದು 5ರ ಹತ್ತಿರ, ಅಂದರೆ ಸುಣ್ಣ ಬೇಕಾದ ಹುಳಿ ಮಣ್ಣು. ಕಡ್ಡಿಯ ಮಾತು ಕೇಳಿದ್ದರೆ ಸುಣ್ಣವನ್ನೇ ಹಾಕುತ್ತಿರಲಿಲ್ಲ, ಅಲ್ವಾ?

ಹಾಗಾಗಿ ಮಣ್ಣಿಗೆ ಲ್ಯಾಬೇ ಸರಿ. ಪಿಎಚ್, ಸಾವಯವ ಇಂಗಾಲ, ಸತು, ಬೋರಾನ್ ಎಲ್ಲ ಸಿಗುತ್ತದೆ. ಆದರೆ ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ನೀರಿನ ವಿಷಯ ಇಲ್ಲ. ನೀರನ್ನು ಬೇರೆಯೇ ಕೊಡಬೇಕು. ಕೊಟ್ಟರೂ ಅದು ಒಂದು ದಿನದ ಫೋಟೊ ಅಷ್ಟೇ. ಜನವರಿಯ ರಿಪೋರ್ಟು ಏಪ್ರಿಲಿನ ಬಾವಿಗೆ ಆಗುವುದಿಲ್ಲ. ಉಪ್ಪಿನಲ್ಲಿ ಸೋಡಿಯಂ ಎಷ್ಟು ಅನ್ನುವುದನ್ನು ಮಾತ್ರ ಪೆನ್ನು ಹೇಳದು, ಅದಕ್ಕೆ ಲ್ಯಾಬೇ ಬೇಕು.

ನಾನು ಮೂರು ವರ್ಷಕ್ಕೊಮ್ಮೆ ಮಣ್ಣು ಕೊಡುತ್ತೇನೆ, ಮಳೆಗೆ ಮೊದಲು, ಗೊಬ್ಬರ ಹಾಕದೆ. ನೀರಿಗೆ ಪೆನ್ನೇ, ಲೆಕ್ಕ ಕ್ಯಾಲೆಂಡರಿನಲ್ಲಿ ಬರೆದಿಡುವುದು.

ಸಮುದ್ರದಿಂದ ದೂರದ ಕಾರ್ಕಳ, ಬೆಳ್ತಂಗಡಿ ಕಡೆಯವರಿಗೆ ಉಪ್ಪಿನ ಕಾಟ ಇಲ್ಲ, ಪೆನ್ನು ಸುಮ್ನೆ ಖರ್ಚು. ಅಲ್ಲಿ ಬೋರ್‌ವೆಲ್ ನೀರು ತೆಗೆದಾಗ ತಿಳಿಯಾಗಿದ್ದು, ಮರುದಿನ ಬಾಟಲಿಯ ತಳದಲ್ಲಿ ಕೆಂಪು ಕೂತಿದ್ದರೆ ಆ ದುಡ್ಡಲ್ಲಿ ಕಬ್ಬಿಣದ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಡ್ರಿಪ್ ತೂತುಗಳು ಕಟ್ಟುತ್ತವೆ.