‘ಸ್ಕಿಡ್ ಆಗಿ ಬಿದ್ರು’ ಅಂತ ಬರೆಸಬೇಡಿ

ಆಕ್ಸಿಡೆಂಟ್ ಆದ ರಾತ್ರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವನು ನಾನು. ಅಣ್ಣ ಅಲ್ಲ, ಗುದ್ದಿದ ಗಾಡಿಯ ಮಾಲೀಕನೂ ಅಲ್ಲ. ಆ ಸುಳ್ಳು ಎರಡೇ ಮಾತಿನದು. ಅದರಿಂದ ನಮ್ಮ ಮನೆಗೆ ಎಷ್ಟು ನಷ್ಟವಾಯಿತು ಅಂತ ಬರೆದಿಡೋಣ ಅನ್ನಿಸಿತು. ಓದಿದವರಲ್ಲಿ ಒಬ್ಬರಾದರೂ ಆ ಹೊತ್ತಿನಲ್ಲಿ ಇದನ್ನು ನೆನಪಿಸಿಕೊಂಡರೆ ಸಾಕು.

2023ರ ಫೆಬ್ರವರಿ. ನಮ್ಮದು ತಿಪಟೂರು ಕಡೆ. ಅಣ್ಣನಿಗೆ ಆಗ 38 ವರ್ಷ, ಪಂಪ್‌ಸೆಟ್ ಮೆಕ್ಯಾನಿಕ್. ಬೋರ್‌ವೆಲ್‌ನಿಂದ ಪೈಪ್, ಮೋಟಾರ್ ಎತ್ತುವುದು, ರಿಪೇರಿ ಮಾಡಿ ಮತ್ತೆ ಇಳಿಸುವುದು. ಬೇಸಿಗೆಯಲ್ಲಿ ಕೈತುಂಬ ಕೆಲಸ. ಅವತ್ತು ಸಂಜೆ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ತೆಂಗಿನಕಾಯಿ ತುಂಬಿದ್ದ ಗೂಡ್ಸ್ ಗಾಡಿಯೊಂದು ಅಡ್ಡರಸ್ತೆಯಿಂದ ಸೀದಾ ಮೇನ್ ರೋಡಿಗೆ ನುಗ್ಗಿ ಗುದ್ದಿತು. ಬಲಗಾಲಿನ ಮಂಡಿ ಕೆಳಗೆ ಎರಡು ಕಡೆ ಮೂಳೆ ಮುರಿಯಿತು.

ಮಾಲೀಕನೇ ಗಾಡಿ ಓಡಿಸುತ್ತಿದ್ದ. ಓಡಿ ಹೋಗಲಿಲ್ಲ, ಅದನ್ನು ಹೇಳಲೇಬೇಕು. ಅದೇ ಗಾಡಿಯ ಕಾಯಿ ಇಳಿಸಿ ಅಣ್ಣನನ್ನು ಮಲಗಿಸಿಕೊಂಡು ಒಂದು ಖಾಸಗಿ ಆಸ್ಪತ್ರೆಗೆ ತಂದ. ನಾನೂ ಭಾವನೂ ಅಲ್ಲಿಗೆ ಹೋಗುವ ಹೊತ್ತಿಗೆ ಬಾಗಿಲಲ್ಲೇ ಕೈ ಮುಗಿದು ನಿಂತಿದ್ದ. ‘ಕೇಸ್ ಮಾತ್ರ ಮಾಡಬೇಡಿ ಸ್ವಾಮಿ. ಗಾಡಿ ಸ್ಟೇಷನ್ ಮುಂದೆ ನಿಂತುಬಿಟ್ರೆ ಕಂತು ಕಟ್ಟೋಕಾಗಲ್ಲ. ಆಸ್ಪತ್ರೆ ಖರ್ಚು ಪೂರ್ತಿ ನಂದೇ’ ಅಂದ. ಕಣ್ಣಲ್ಲಿ ನೀರಿತ್ತು. ನಾಟಕ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಭಾವನಿಗೆ ಬೇರೆ ಚಿಂತೆ. ಅಣ್ಣನ ಡಿಎಲ್ ಮುಗಿದು ಆರು ತಿಂಗಳಾಗಿತ್ತು, ರಿನ್ಯೂ ಮಾಡಿಸಿರಲಿಲ್ಲ. ‘ಕೇಸ್ ಆದ್ರೆ ನಮಗೇ ತಿರುಗುತ್ತೆ ಕಣೋ’ ಅಂದರು. ಅಲ್ಲೇ ನಿಂತಿದ್ದ ಇನ್ಯಾರೋ ಒಬ್ಬರು, ‘ಎಂಎಲ್‌ಸಿ ಅಂತ ಆದ್ರೆ ಪೊಲೀಸ್ನೋರು ಬರೋವರೆಗೂ ಡಾಕ್ಟರ್ ಕೈ ಹಾಕಲ್ಲ’ ಅಂತ ಸೇರಿಸಿದರು. (ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸ್, ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆಯವರು ಬರೆದುಕೊಳ್ಳುವುದು.) ಅಣ್ಣ ಒಳಗೆ ನೋವಿಗೆ ಕೂಗುತ್ತಿದ್ದ. ಡ್ಯೂಟಿ ಡಾಕ್ಟರ್ ಪೆನ್ ಹಿಡಿದು ‘ಹೇಗಾಯ್ತು?’ ಅಂದರು. ‘ಬೈಕ್ ಸ್ಕಿಡ್ ಆಗಿ ಬಿದ್ರು ಸಾರ್’ ಅಂದೆ. ಅವರು ಬರೆದುಕೊಂಡರು. ಅರ್ಧ ನಿಮಿಷದ ಕೆಲಸ.

ನಮ್ಮನ್ನು ಹೆದರಿಸಿದ ಆ ಮಾತುಗಳಲ್ಲಿ ಒಂದೂ ನಿಜವಲ್ಲ ಅಂತ ಗೊತ್ತಾಗಿದ್ದು ತುಂಬ ತಡವಾಗಿ. ಪೊಲೀಸರಿಗೆ ಕಾಯದೆ ಗಾಯಾಳುವಿಗೆ ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್‌ನಲ್ಲೂ ಅದೇ ಇದೆ. ಡಿಎಲ್ ಮುಗಿದಿತ್ತು ಅನ್ನುವುದಕ್ಕೆ ಬೇಕಾದರೆ ದಂಡ ಬೀಳಬಹುದು. ಆದರೆ ಇನ್ನೊಬ್ಬ ಬಂದು ಗುದ್ದಿದಾಗ, ಡಿಎಲ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಗಾಯಾಳುವಿನದ್ದೂ ತಪ್ಪಿದೆ ಅಂತ ಹೇಳಲಾಗದು. ಇದಕ್ಕೂ ಸುಪ್ರೀಂ ಕೋರ್ಟಿನ ತೀರ್ಪಿದೆ, 2008ರದ್ದು.

ಹೊಟ್ಟೆ ಉರಿಯುವ ವಿಷಯ ಇನ್ನೊಂದು. ಆ ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು! ಅವನ ಡಿಎಲ್, ಪರ್ಮಿಟ್ ಎಲ್ಲ ಸರಿಯಾಗಿದ್ದವು. ನಾವು ಅವತ್ತೇ ಕಂಪ್ಲೇಂಟ್ ಕೊಟ್ಟಿದ್ದರೆ ಗಾಡಿ ಒಂದಷ್ಟು ದಿನ ಸ್ಟೇಷನ್‌ನಲ್ಲಿ ನಿಲ್ಲುತ್ತಿತ್ತು, ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡುತ್ತಿದ್ದರು, ಕೋರ್ಟಿನಲ್ಲಿ ಬಿಡಿಸಿಕೊಂಡು ಹೋಗುತ್ತಿದ್ದ. ಪರಿಹಾರದ ದುಡ್ಡು ಕೊಡಬೇಕಾದದ್ದು ಇನ್ಶೂರೆನ್ಸ್ ಕಂಪನಿ, ಅವನಲ್ಲ. ಥರ್ಡ್ ಪಾರ್ಟಿ ಅಂತ ವರ್ಷ ವರ್ಷ ಕಟ್ಟುವುದು ಇದಕ್ಕೇ ಅಲ್ವಾ? ಅದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಮಾಲೀಕ ಮೊದಲ ವಾರ ಎರಡು ಸಲ ಬಂದು ಒಟ್ಟು 30,000 ರೂಪಾಯಿ ಕೊಟ್ಟ. ಆಪರೇಷನ್ ಆಗಿ, ರಾಡ್ ಹಾಕಿ, ಬಿಲ್ಲು ಎರಡು ಲಕ್ಷ ದಾಟಿದ ಮೇಲೆ ಫೋನ್ ಎತ್ತುವುದು ನಿಲ್ಲಿಸಿದ. ಅವನ ಹತ್ತಿರವೂ ಇರಲಿಲ್ಲವೇನೋ. ಅಷ್ಟು ದುಡ್ಡನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವುದು ಸುಲಭ. (ಈಗ 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಬಂದಿದೆ. ನಮಗೆ ಆಗ ಅದೂ ಇರಲಿಲ್ಲ.)

ಕೊನೆಗೆ ಸ್ಟೇಷನ್ ಮೆಟ್ಟಿಲು ಹತ್ತಿದ್ದು ಇಪ್ಪತ್ಮೂರನೇ ದಿನ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ ‘ಇಷ್ಟು ದಿನ ಏನು ಮಾಡ್ತಿದ್ರಿ?’. ಎರಡನೆಯದು ‘ಎಂಎಲ್‌ಸಿ ಎಲ್ಲಿ?’. ಆಸ್ಪತ್ರೆಗೆ ವಾಪಸ್ ಓಡಿದೆ. ನಡೆದದ್ದು ಬೇರೆ, ದಯವಿಟ್ಟು ತಿದ್ದಿಕೊಡಿ ಅಂತ ಬೇಡಿಕೊಂಡೆ. ರೆಕಾರ್ಡ್ ತಿದ್ದಕ್ಕಾಗಲ್ಲ ಅಂದರು. ಅವರ ಮಾತು ಸರಿಯೇ. ಹೇಗೋ ಎಫ್‌ಐಆರ್ ಆಯಿತು, ಮಹಜರು ಆಯಿತು, ಚಾರ್ಜ್‌ಶೀಟೂ ಹಾಕಿದರು. ಆದರೆ ಇಪ್ಪತ್ಮೂರು ದಿನದ ಮೇಲೆ ರೋಡಿನಲ್ಲಿ ಏನು ಉಳಿದಿರುತ್ತದೆ? ಗಾಜಿನ ಚೂರೂ ಇರಲಿಲ್ಲ. ಗಾಡಿಯ ಬಂಪರ್ ಹೊಸದಾಗಿತ್ತು.

ನಿಮಗೆ ಇಂಥ ತಡ ಆಗಿಬಿಟ್ಟಿದ್ದರೆ ಒಂದು ಕೆಲಸ ಮಾಡಿ. ಯಾಕೆ ತಡವಾಯಿತು ಅನ್ನುವುದನ್ನು ಕಂಪ್ಲೇಂಟಿನಲ್ಲೇ ಬಿಡಿಸಿ ಬರೆಯಿರಿ. ಮಾಲೀಕ ಖರ್ಚು ಕೊಡುತ್ತೇನೆ ಅಂದಿದ್ದ, ಇಂತಿಂಥ ದಿನ ಇಷ್ಟಿಷ್ಟು ಕೊಟ್ಟ, ಆಮೇಲೆ ನಿಲ್ಲಿಸಿದ ಅಂತ. ನಾನು ‘ಆಸ್ಪತ್ರೆಯಲ್ಲಿ ಇದ್ದುದರಿಂದ ತಡವಾಗಿದೆ’ ಅಂತ ಒಂದೇ ಸಾಲು ಬರೆದುಕೊಟ್ಟಿದ್ದೆ. ಅವನು ಕೊಟ್ಟ ದುಡ್ಡಿನಲ್ಲಿ ಹತ್ತು ಸಾವಿರ ಫೋನ್‌ಪೇನಲ್ಲಿ ಬಂದಿತ್ತು. ಅದೊಂದೇ ಸಾಕ್ಷಿ. ಅದನ್ನೂ ಹೇಳಲಿಲ್ಲ, ನಮ್ಮದೇ ತಪ್ಪು ಅನ್ನಿಸೀತು ಅಂತ.

ಈಗ ಚೀಲದವನ ಕಥೆ.

ಅಣ್ಣ ವಾರ್ಡಿನಲ್ಲಿದ್ದ ಒಂಬತ್ತನೇ ದಿನ ಒಬ್ಬ ಬಂದ. ಹೆಗಲಿಗೆ ಕಪ್ಪು ಚೀಲ. ಅಣ್ಣನ ಹೆಸರು, ಬೆಡ್ ನಂಬರ್, ಯಾವ ಕಾಲು ಅನ್ನುವುದೂ ಅವನಿಗೆ ಗೊತ್ತಿತ್ತು. ಯಾರು ಹೇಳಿದರು ಅಂತ ಕೇಳಬೇಕು ಅಂತಲೂ ನಮಗೆ ಹೊಳೆಯಲಿಲ್ಲ. ‘ಎಂವಿಸಿ, ಅಂದ್ರೆ ಪರಿಹಾರದ ಕೇಸ್, ಹಾಕೋಣ ಯಜಮಾನ್ರೆ. ನಿಮ್ಮ ಕೈಯಿಂದ ಒಂದು ಪೈಸೆ ಬೇಡ. ಬಂದಿದ್ರಲ್ಲಿ ಮೂವತ್ತು ಪರ್ಸೆಂಟ್ ಕೊಟ್ರೆ ಸಾಕು, ವಕೀಲರದ್ದೂ ಅದರಲ್ಲೇ ಬಂತು’ ಅಂದ. ಆಗ ಬೇಡ ಅಂದು ಕಳಿಸಿದೆವು, ಕೇಸೇ ಮಾಡುವುದಿಲ್ಲ ಅಂತಿದ್ದೆವಲ್ಲ. ಎಫ್‌ಐಆರ್ ಆದ ಮಾರನೇ ದಿನ ಮನೆಗೇ ಬಂದ. ಅದು ಹೇಗೆ ಗೊತ್ತಾಯಿತೋ, ದೇವರಿಗೇ ಗೊತ್ತು.

ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಒಂದು ವಕಾಲತ್ತು. ಉಳಿದ ನಾಲ್ಕೈದು ಖಾಲಿ. ಅಣ್ಣನ ಹೆಸರಿನಲ್ಲಿ ಹೊಸ ಬ್ಯಾಂಕ್ ಖಾತೆ ತೆಗೆಸಿ, ಚೆಕ್ ಬುಕ್ಕಿಗೆ ಸಹಿ ಮಾಡಿಸಿ, ಪಾಸ್‌ಬುಕ್ ಸಮೇತ ತಾನೇ ಇಟ್ಟುಕೊಂಡ. ಆಸ್ಪತ್ರೆ ಬಿಲ್ಲು, ಎಕ್ಸ್‌ರೇ, ಮೆಡಿಕಲ್ ಸ್ಟೋರ್ ಚೀಟಿ, ಎಲ್ಲ ಒರಿಜಿನಲ್ ಅವನ ಚೀಲಕ್ಕೆ. ನಾನು ಜೆರಾಕ್ಸ್ ಕೂಡ ತೆಗೆದಿಡಲಿಲ್ಲ. ನಮಗೆ ಖರ್ಚಾಗಿದ್ದು 2,84,000. ಕೋರ್ಟಿನ ಫೈಲಿನಲ್ಲಿದ್ದ ಬಿಲ್ಲುಗಳ ಮೊತ್ತ 1,90,000. ಉಳಿದವು ಎಲ್ಲಿ ಹೋದವು ಅಂದರೆ, ‘ನೀವು ಕೊಟ್ಟಿದ್ದೇ ಅಷ್ಟು’ ಅಂದ.

ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ವಕೀಲರು ಪಾಲು ಕೇಳುವ ಹಾಗೇ ಇಲ್ಲ. ಕೇಸ್ ಹುಡುಕಿಕೊಂಡು ಆಸ್ಪತ್ರೆಗೆ ಬರುವ ಹಾಗೂ ಇಲ್ಲ. ಎರಡನ್ನೂ ಬಾರ್ ಕೌನ್ಸಿಲ್ ನಿಯಮ ತಡೆಯುತ್ತದೆ. ಸರಿಯಾದ ವಕೀಲರು ಫೀಸ್ ಎಷ್ಟು ಅಂತ ಮೊದಲೇ ಹೇಳುತ್ತಾರೆ. ಅದಕ್ಕೂ ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ನಾನು ಆ ಬೋರ್ಡಿನ ಮುಂದೆಯೇ ಎಷ್ಟೋ ಸಲ ನಿಂತು ಟೀ ಕುಡಿದಿದ್ದೇನೆ.

ಪರಿಹಾರದ ಅರ್ಜಿ ಹಾಕಿದ್ದು ಜುಲೈನಲ್ಲಿ, ಗಡುವಿಗೆ ಹದಿನೈದು ದಿನ ಇರುವಾಗ. ಗಡುವು ಅಂದರೆ ಆಕ್ಸಿಡೆಂಟ್ ಆದ ದಿನದಿಂದ ಆರು ತಿಂಗಳು. 2022ರ ಏಪ್ರಿಲ್ 1ರಿಂದ ಈ ನಿಯಮ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದಾರೆ ನಿಜ. ಆದರೂ ಅದನ್ನು ನಂಬಿಕೊಂಡು ಕೂರಬೇಡಿ, ಆರು ತಿಂಗಳು ಅಂತಲೇ ದಿನ ಎಣಿಸಿ.

ಪಾಟೀಸವಾಲಿನ ದಿನ ನಾನು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿದ್ದೆ. ಅಣ್ಣ ಊರುಗೋಲು ಒರಗಿಸಿಟ್ಟು ಕಟಕಟೆಯಲ್ಲಿ ನಿಂತ. ಇನ್ಶೂರೆನ್ಸ್ ಕಂಪನಿ ವಕೀಲರು ಜೋರು ಮಾಡಲಿಲ್ಲ, ಗದರಲಿಲ್ಲ. ಒಂದು ಹಾಳೆ ತೋರಿಸಿ, ‘ಆಸ್ಪತ್ರೆಗೆ ಸೇರಿಸಿದಾಗ ನಿಮ್ಮ ತಮ್ಮನೇ ಜೊತೆಗಿದ್ದರು ಅಲ್ವಾ? ಅವರು ಹೇಳಿದ್ದನ್ನೇ ಇಲ್ಲಿ ಬರೆದಿದ್ದಾರೆ ಅಲ್ವಾ?’ ಅಂದರು. ಅಣ್ಣ ಹೌದು ಅಂದ. ಆಮೇಲೆ ಅವರ ಆರೋಪ, ಅಣ್ಣನ ‘ಸರಿಯಲ್ಲ’ ಅನ್ನುವ ಉತ್ತರ ಸೇರಿ ಒಂದೊಂದಾಗಿ ದಾಖಲಾಯಿತು. ‘ನಾನು ಬೈಕಿನಿಂದ ಜಾರಿ ಬಿದ್ದು ಗಾಯ ಮಾಡಿಕೊಂಡೆ ಎಂದರೆ ಸರಿಯಲ್ಲ. ಪರಿಹಾರದ ಆಸೆಗೆ ಮಾಲೀಕನ ಜೊತೆ ಸೇರಿ ಈ ವಾಹನವನ್ನು ತಂದು ಸೇರಿಸಿದ್ದೇನೆ ಎಂದರೆ ಸರಿಯಲ್ಲ.’ ಟೈಪಿಸ್ಟ್ ಟೈಪ್ ಮಾಡುತ್ತಾ ಹೋದರು. ಪ್ರತಿಸಲ ‘ಸರಿಯಲ್ಲ’ ಅಂದಾಗಲೂ ಅಣ್ಣ ಒಮ್ಮೆ ನನ್ನ ಕಡೆ ನೋಡುತ್ತಿದ್ದ. ಬೈಯಲಿಲ್ಲ. ಇವತ್ತಿನವರೆಗೂ ಬೈದಿಲ್ಲ.

ಕಂಪನಿಯವರನ್ನು ದೂರುವುದಕ್ಕೂ ಬಾಯಿಲ್ಲ. ಸುಮ್ನೆ ಬಿದ್ದವರಿಗೆ ಯಾವುದೋ ಗಾಡಿ ತಂದು ಅಂಟಿಸಿ ಪರಿಹಾರ ತೆಗೆಸುವ ದಂಧೆ ಇದೆ. ಅವರ ಕಣ್ಣಿಗೆ ನಮ್ಮ ಕೇಸೂ ಥೇಟ್ ಹಾಗೇ ಕಂಡಿತು.

ಕಾಗದ ಸರಿ ಇದ್ದಿದ್ದರೆ ಏನು ಬರುತ್ತಿತ್ತು ಅಂತ ಆಮೇಲೆ ಬೇರೊಬ್ಬ ವಕೀಲರು ಲೆಕ್ಕ ಹಾಕಿ ತೋರಿಸಿದರು. ಡಾಕ್ಟರ್ ಕಾಲಿಗೆ 45 ಪರ್ಸೆಂಟ್ ಊನ ಅಂತ ಕೊಟ್ಟಿದ್ದರು. ನಮ್ಮ ಕಡೆ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ, ಅಂದರೆ 15. ತಿಂಗಳಿಗೆ 15,000 ಆದಾಯ ಅಂತ ಇಟ್ಟುಕೊಂಡರೂ ವರ್ಷಕ್ಕೆ 1,80,000. ಅಣ್ಣನ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ) 15. ಗುಣಿಸಿ, ಅದರ 15 ಪರ್ಸೆಂಟ್ ತೆಗೆದರೆ 4,05,000. ಇದು ದುಡಿಮೆ ಕಳೆದುಕೊಂಡದ್ದಕ್ಕೆ ಮಾತ್ರ. ಆಸ್ಪತ್ರೆ ಖರ್ಚು, ನೋವು, ಮನೆಯಲ್ಲಿ ಕೂತ ತಿಂಗಳುಗಳ ಸಂಬಳ, ಬಡ್ಡಿ, ಎಲ್ಲ ಬೇರೆ. ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸದವನಿಗೆ ಮಂಡಿ ಮಡಚದಿದ್ದರೆ ನಷ್ಟ 15ಕ್ಕಿಂತ ಜಾಸ್ತಿ ಅಂತ ವಾದ ಮಾಡಬಹುದಿತ್ತು. ಅಣ್ಣ ತಿಂಗಳಿಗೆ 25,000 ದುಡಿಯುತ್ತಿದ್ದ ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಎಲ್ಲ ಕೈಗೆ ಕ್ಯಾಶ್. ಇಂಥ ಕೆಲಸದವರು ಬ್ಯಾಂಕಿಗೆ ಅಷ್ಟಿಷ್ಟು ಜಮಾ ಮಾಡುತ್ತಾ ಬರುವುದು ಒಳ್ಳೆಯದು.

ನಮ್ಮದು ಲೋಕ ಅದಾಲತ್‌ನಲ್ಲಿ ಮುಗಿಯಿತು, 2,60,000ಕ್ಕೆ. ‘ಕೇಸ್ ವಜಾ ಆದ್ರೆ ಅದೂ ಇಲ್ಲ’ ಅಂತ ಚೀಲದವನು ವರಾಂಡದಲ್ಲೇ ಹೆದರಿಸಿದ. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಲೋಕ ಅದಾಲತ್ ಕೆಟ್ಟದ್ದಲ್ಲ, ಎಷ್ಟೋ ಜನಕ್ಕೆ ಬೇಗ ದುಡ್ಡು ಸಿಕ್ಕಿದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ. ಅದನ್ನು ನಮಗೆ ಸಹಿ ಆದ ಮೇಲೆ ಹೇಳಿದರು. ಇನ್ನೊಂದು ವಿಷಯ ಕೇಳಿ. ಗಾಡಿಯ ಪಾತ್ರ ಸಾಬೀತಾದರೆ, ತಪ್ಪು ಯಾರದು ಅಂತ ನೋಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಹೇಳುತ್ತದೆ. ಅಷ್ಟೆಲ್ಲ ಅಲೆದು ನಮಗೆ ಸಿಕ್ಕಿದ್ದು ಅದಕ್ಕಿಂತ ಹತ್ತು ಸಾವಿರ ಜಾಸ್ತಿ. ಅದರಲ್ಲಿ 78,000 ಚೀಲದವನು ಸಹಿ ಇದ್ದ ಚೆಕ್ಕಿನಲ್ಲಿ ಎತ್ತಿಕೊಂಡ. ಉಳಿದದ್ದು 1,82,000. ಆಪರೇಷನ್‌ಗೆ ಮಾಡಿದ ಸಾಲ ಇನ್ನೂ ತೀರಿಲ್ಲ.

ಹಾಗಾಗಿ, ಆಸ್ಪತ್ರೆ ಬಾಗಿಲಲ್ಲಿ ಯಾರು ಏನೇ ಹೇಳಲಿ, ನಡೆದದ್ದನ್ನೇ ಬರೆಸಿ. ಗಾಡಿ ನಂಬರ್ ಹೇಳಿ. ಎಂಎಲ್‌ಸಿ ಮಾಡಿ ಅಂತ ನೀವೇ ಕೇಳಿ. ಒಬ್ಬರು ಗಾಯಾಳುವಿನ ಜೊತೆ ಇರಲಿ, ಇನ್ನೊಬ್ಬರು ಜಾಗಕ್ಕೆ ಹೋಗಿ ಗಾಡಿ, ರೋಡು, ಬೈಕ್ ಎಲ್ಲದರ ಫೋಟೋ ತೆಗೆಯಲಿ. ನಂಬರ್ ಇದ್ದರೆ ಇನ್ಶೂರೆನ್ಸ್ ಇದೆಯೋ ಇಲ್ಲವೋ ಅಂತ ಎಂಪರಿವಾಹನ್ ಆ್ಯಪಿನಲ್ಲೇ ನೋಡಬಹುದು. ಕಂಪ್ಲೇಂಟ್ ಗಾಯಾಳುವೇ ಕೊಡಬೇಕು ಅಂತಿಲ್ಲ, ಮನೆಯವರು ಕೊಟ್ಟರೂ ನಡೆಯುತ್ತದೆ. ಸ್ಟೇಷನ್‌ನಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಪೋಸ್ಟಿನಲ್ಲಿ ಕಳಿಸಿ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಕೂಡಲೇ ಇಂಗ್ಲಿಷ್ ಬರುವ ಯಾರಿಂದಲಾದರೂ ಓದಿಸಿ. ಗುದ್ದಿದವನ ಮೇಲೆ ಕನಿಕರ ಬಂದರೆ ಬರಲಿ, ತಪ್ಪಿಲ್ಲ. ಅವನ ಇನ್ಶೂರೆನ್ಸ್ ಅವನನ್ನು ನೋಡಿಕೊಳ್ಳುತ್ತದೆ.

ಅಣ್ಣ ಈಗ ಕೆಲಸಕ್ಕೆ ಹೋಗುತ್ತಾನೆ. ಪೈಪ್ ಎತ್ತುವುದಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾನೆ, ದಿನಕ್ಕೆ 700 ಕೂಲಿ. ತಾನು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತು ಹೇಳಿಕೊಡುತ್ತಾನೆ.

ಹೋದ ತಿಂಗಳು ರಾಡ್ ತೆಗೆಸುವ ವಿಷಯ ಕೇಳಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಕ್ಯಾಂಟೀನ್ ಹತ್ತಿರ ಚೀಲದವನು ನಿಂತಿದ್ದ. ಚೀಲ ಹೊಸದು. ನನ್ನನ್ನು ಕಂಡು ನಕ್ಕ. ‘ನಮಸ್ಕಾರ ಸಾರ್, ಅಣ್ಣಾವ್ರು ಆರಾಮಾ?’ ಅಂದ. ನಾನು ಉತ್ತರ ಕೊಡುವಷ್ಟರಲ್ಲಿ ಆಂಬುಲೆನ್ಸ್ ಬಂತು. ಅವನು ಆ ಕಡೆ ನಡೆದ.