ಹತ್ತೊಂಬತ್ತು ವರ್ಷದಿಂದ ನೋಡ್ತಿರೋ ಬ್ರಿಟಿಷ್ ಟಿವಿ ಸೀರೀಸ್‌ಗಳು: ಯಾವುದು ಇನ್ನೂ ಹಳಸಿಲ್ಲ

ನಮ್ಮನೆಗೆ ಮೊದಲ ಡಿವಿಡಿ ಬಾಕ್ಸ್ ಬಂದಿದ್ದು 2006ರಲ್ಲಿ. ಆವತ್ತಿಂದ ಇಲ್ಲೀ ತನಕ ಎರಡು ಪ್ಲೇಯರ್ ಕೆಟ್ಟಿವೆ, ಮೂರನೇ ಟಿವಿ ನಡೀತಿದೆ, ಆಗ ತೊಟ್ಟಿಲಲ್ಲಿದ್ದ ಮಗಳು ಈಗ ಬಿಎಸ್ಸಿ ಓದ್ತಿದಾಳೆ, ಆದ್ರೂ ತಿಂಗಳಿಗೆ ಒಂದ್ಸಲನಾದ್ರೂ ಆ ಬಾಕ್ಸ್‌ಗಳು ಬೀರುವಿಂದ ಹೊರಗೆ ಬರ್ತಾವೆ. ಹಾಗಾಗಿ ಇದು ಒಂದ್ಸಲ ನೋಡಿ ಬರೀತಿರೋ ರಿವ್ಯೂ ಅಲ್ಲ. ಹತ್ತನೇ ಸಲ ಹಾಕಿದಾಗ ಕೂತು ನೋಡ್ಬೇಕು ಅನ್ಸುತ್ತಾ, ಎದ್ದು ಬೇರೆ ಕೆಲಸ ನೋಡ್ಕೊಬೇಕು ಅನ್ಸುತ್ತಾ, ನನ್ನ ಅಳತೆಗೋಲು ಇಷ್ಟೇ.

ಯೆಸ್ ಮಿನಿಸ್ಟರ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಅತಿ ಹೆಚ್ಚು ಓಡಿರೋದು ಅದೇ. 1980ರಿಂದ 84ರ ತನಕ ಬಂದಿದ್ದು, ಆಮೇಲೆ ಅದೇ ಮಂತ್ರಿ ಪ್ರಧಾನಿ ಆಗಿ ಯೆಸ್ ಪ್ರೈಮ್ ಮಿನಿಸ್ಟರ್ ಅಂತ 1986ರಿಂದ 88, ಎರಡೂ ಸೇರಿ 38 ಎಪಿಸೋಡ್. ಬರೆದೋರು ಆಂಟನಿ ಜೇ ಮತ್ತೆ ಜೊನಾಥನ್ ಲಿನ್. ಜಿಮ್ ಹ್ಯಾಕರ್ ಅಂತ ಒಬ್ಬ ಮಂತ್ರಿ, ಪಾಲ್ ಎಡಿಂಗ್ಟನ್ ಮಾಡಿದಾರೆ, ಅವನ ಇಲಾಖೆ ಕಾರ್ಯದರ್ಶಿ ಸರ್ ಹಂಫ್ರಿ ಆಗಿ ನೈಜೆಲ್ ಹಾಥಾರ್ನ್, ಇವರಿಬ್ಬರ ನಡುವೆ ಅಡಕತ್ತರೀಲಿ ಸಿಕ್ಕ ಅಡಿಕೆ ಥರ ಆಪ್ತ ಕಾರ್ಯದರ್ಶಿ ಬರ್ನಾರ್ಡ್, ಅದು ಡೆರೆಕ್ ಫೌಲ್ಡ್ಸ್. ನಾನು ಸರ್ಕಾರಿ ಆಫೀಸಲ್ಲಿ ಎಫ್‌ಡಿಎ, ಟಪಾಲು ತಗೊಳ್ಳೋದು, ಕಡತ ಮಂಡಿಸೋದು, ಟಿಪ್ಪಣಿ ಬರೆಯೋದು ನನ್ನ ಜೀವನ. ಕಡತ ಮೇಲೆ ಹೋಗುತ್ತೆ, "ಚರ್ಚಿಸಿ" ಅಂತ ಒಂದೇ ಪದದ ಷರಾ ಬಿದ್ದು ವಾಪಸ್ ಬರುತ್ತೆ, ಚರ್ಚೆ ಆಗುತ್ತೆ, "ಮರುಮಂಡಿಸಿ" ಅಂತ ಮತ್ತೆ ಬರುತ್ತೆ. ಈ ಪ್ರಪಂಚ ಎಷ್ಟು ಆಳವಾಗಿದೆ, ಎಷ್ಟು ಸೂಕ್ಷ್ಮವಾಗಿದೆ ಅಂತ ನನಗೆ ತೋರಿಸಿಕೊಟ್ಟಿದ್ದು ಸಾವಿರಾರು ಮೈಲಿ ದೂರದ ಈ ಸೀರೀಸು. ನಮ್ಮ ಸೂಪರಿಂಟೆಂಡೆಂಟ್ ಮೇಡಮ್‌ಗೆ ಒಂದು ಡಿಸ್ಕ್ ಕೊಟ್ಟಿದ್ದೆ, ಸೋಮವಾರ ಬಂದು "ಇದು ಲಂಡನ್ದಲ್ಲ ಕಣ್ರೀ, ನಮ್ ಸೆಕ್ಷನ್ದೇ" ಅಂದ್ರು.

ಅದರಲ್ಲಿ ಒಂದು ಆಸ್ಪತ್ರೆ ಎಪಿಸೋಡ್ ಇದೆ, ದಿ ಕಂಪ್ಯಾಷನೇಟ್ ಸೊಸೈಟಿ ಅಂತ. ಹೊಸ ಆಸ್ಪತ್ರೆ, ಐನೂರು ಜನ ಆಡಳಿತದ ಸಿಬ್ಬಂದಿ ಕೆಲಸ ಮಾಡ್ತಿದಾರೆ, ಒಬ್ಬ ರೋಗಿನೂ ಇಲ್ಲ. ಮಂತ್ರಿ ಹೌಹಾರಿ ಕೇಳ್ತಾನೆ, ರೋಗಿ ಇಲ್ಲದೆ ಇಷ್ಟು ಜನಕ್ಕೆ ಏನು ಕೆಲಸ? ಅವನಿಗೆ ಒಂದೊಂದೇ ವಿಭಾಗದ ಹೆಸರು, ಅದರ ಕೆಲಸ, ಎಲ್ಲಾ ಶಾಂತವಾಗಿ ವಿವರಿಸ್ತಾರೆ, ಅತಿ ಚೊಕ್ಕಟವಾದ ಆಸ್ಪತ್ರೆ ಅಂತ ಪ್ರಶಸ್ತಿಗೂ ಹೆಸರು ಹೋಗಿದೆ. ಮೊದಲ ಸಲ ನೋಡಿದಾಗ ಬಿದ್ದು ಬಿದ್ದು ನಕ್ಕಿದ್ದೆ. ಐದಾರು ವರ್ಷ ಸರ್ವಿಸ್ ಆದ್ಮೇಲೆ ನೋಡಿದಾಗ ಗಮನ ಹೋಗಿದ್ದು ಬೇರೆ ಕಡೆ, ಅಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ, ಯಾರೂ ದುಡ್ಡು ಹೊಡೀತಿಲ್ಲ, ಎಲ್ಲರೂ ಪ್ರಾಮಾಣಿಕವಾಗಿ ದುಡೀತಿದಾರೆ, ಆ ದುಡಿಮೆಗೆ ಕಾರಣ ಆಗಿರೋ ರೋಗಿನೇ ಮರೆತುಹೋಗಿದಾನೆ ಅಷ್ಟೆ. ಕೆಟ್ಟವನನ್ನ ತೋರಿಸಿ ನಗಿಸೋದು ಸುಲಭ, ಇಲ್ಲಿ ಕೆಟ್ಟವರೇ ಇಲ್ಲ, ಅದಕ್ಕೇ ಇದು ಹಳಸೋದಿಲ್ಲ. ಇನ್ನೊಂದು ಕಾರಣ ಕೂಡ ಇದೆ, ಹ್ಯಾಕರ್ ಯಾವ ಪಕ್ಷದವನು ಅಂತ ಇಡೀ ಸೀರೀಸಲ್ಲಿ ಎಲ್ಲೂ ಹೇಳಲ್ಲ. ಆಗಿನ ಬ್ರಿಟಿಷ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೂ ಇದು ಅಚ್ಚುಮೆಚ್ಚಾಗಿತ್ತು. ನಮ್ಮ ದೇಶದಲ್ಲೂ 2001ರಲ್ಲಿ ಫಾರೂಕ್ ಶೇಖ್ ಅವರನ್ನ ಇಟ್ಕೊಂಡು ಜೀ ಮಂತ್ರೀಜಿ ಅಂತ ಹಿಂದೀಲಿ ಮಾಡಿದ್ರು. ಕನ್ನಡದಲ್ಲಿ ಇಂಥದ್ದು ಯಾರಾದ್ರೂ ಮಾಡ್ಲಿ ಅಂತ ನನಗೆ ತುಂಬಾ ಆಸೆ ಇದೆ, ನಮ್ಮ ಆಡಳಿತ ಕನ್ನಡದ ಉದ್ದುದ್ದ ವಾಕ್ಯಗಳು ಹಂಫ್ರಿ ಬಾಯಿಗೆ ಎಷ್ಟು ಚೆನ್ನಾಗಿ ಒಪ್ಪುತ್ವೆ ಅಂದ್ರೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅಂತ ಶುರು ಮಾಡಿದ್ರೆ ಸಾಕು.

ಬಳಕೆಯ ತೊಂದರೆಗಳನ್ನ ಇಲ್ಲೇ ಹೇಳ್ಬಿಡ್ತೀನಿ, ತಗೊಳ್ಳೋರಿಗೆ ಉಪಯೋಗ ಆಗುತ್ತೆ. ಇಂಗ್ಲೆಂಡಿನ ಡಿವಿಡಿಗಳು ರೀಜನ್ 2, ನಮ್ಮ ದೇಶದ್ದು ರೀಜನ್ 5, ಒಂದು ರೀಜನ್‌ನ ಡಿಸ್ಕ್ ಇನ್ನೊಂದರ ಪ್ಲೇಯರಲ್ಲಿ ಓಡಲ್ಲ. ನನಗೆ ಇದು ಗೊತ್ತಿರ್ಲಿಲ್ಲ, ಅಲ್ಲಿಂದ ಬರೋರ ಹತ್ರ ಹೇಳಿ ಒಂದು ದೊಡ್ಡ ಬಾಕ್ಸ್ ತರಿಸಿದ್ದೆ, ಹಬ್ಬದ ದಿನ ಎಲ್ಲರೂ ಊಟ ಮುಗಿಸಿ ಬಂದು ಕೂತಿದಾರೆ, ಡಿಸ್ಕ್ ಒಳಗೆ ಹೋಯ್ತು, ಸ್ಕ್ರೀನ್ ಮೇಲೆ ರೀಜನ್ ಎರರ್ ಅಂತ ಬಂತು, ಮತ್ತೆ ಮತ್ತೆ ಹಾಕಿದ್ರೂ ಅದೇ. ಎಲ್ಲಾ ರೀಜನ್ ಓದೋ ಪ್ಲೇಯರ್ ಹುಡುಕಿ ತರೋ ಹೊತ್ತಿಗೆ ಎರಡು ತಿಂಗಳಾಯ್ತು. ಈಗ ಆ್ಯಪ್‌ಗಳಲ್ಲಿ ಸಿಗುತ್ತೆ ನಿಜ, ಆದ್ರೆ ಇವತ್ತು ಇರುತ್ತೆ ನಾಳೆ ಇರಲ್ಲ, ಹಕ್ಕಿನ ಅವಧಿ ಮುಗೀತು ಅಂದ್ರೆ ಮಧ್ಯದಲ್ಲೇ ಮಾಯ, ಅದಕ್ಕೇ ನಾನು ಡಿಸ್ಕ್ ಬಿಟ್ಟಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಆನ್ ಇಟ್ಕೊಳ್ಳಿ, ಅದರಲ್ಲಿ ಸಂಕೋಚ ಬೇಡ, ಅಲ್ಲಿನ ಒಂದೊಂದು ಸೀಮೆ ಉಚ್ಚಾರಣೆ ಒಂದೊಂದು ಥರ, ಎರಡು ಮೂರು ವರ್ಷ ಕಿವಿ ಪಳಗಬೇಕು. ಕನ್ನಡ ಸಬ್‌ಟೈಟಲ್ ನನ್ನ ಯಾವ ಬಾಕ್ಸಲ್ಲೂ ಇಲ್ಲ, ಇದು ನನ್ನ ದೊಡ್ಡ ಕೊರಗು.

ಇನ್ನೊಂದು ವಿಷಯ ನಮ್ಮ ಸೀರಿಯಲ್ ನೋಡಿ ಅಭ್ಯಾಸ ಇರೋರಿಗೆ ಬೇಗ ಗೊತ್ತಾಗುತ್ತೆ. ಬಿಬಿಸಿ ಅಲ್ಲಿನ ಜನ ಕಟ್ಟೋ ಲೈಸೆನ್ಸ್ ಶುಲ್ಕದಲ್ಲಿ ನಡೆಯೋದು, ಜಾಹೀರಾತು ಇಲ್ಲ, ಹಾಗಾಗಿ ಅರ್ಧ ಗಂಟೆ ಅಂದ್ರೆ ಪೂರ್ತಿ ಅರ್ಧ ಗಂಟೆ ಕಥೆ. ಬ್ರೇಕ್‌ಗೆ ಮುಂಚೆ ಬೆಚ್ಚಿ ಬೀಳಿಸೋದು, ಬ್ರೇಕ್ ಆದ್ಮೇಲೆ ಅದನ್ನೇ ಮತ್ತೆ ತೋರಿಸೋದು, ಇದ್ಯಾವುದೂ ಬೇಕಿಲ್ಲ. ಒಂದು ಸೀಸನ್‌ಗೆ ಆರೇಳು ಎಪಿಸೋಡ್, ಹೇಳೋದು ಮುಗೀತಾ, ನಿಲ್ಲಿಸಿದ್ರು.

ಇದಕ್ಕೆ ಫಾಲ್ಟಿ ಟವರ್ಸ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 1975ರಲ್ಲಿ ಆರು, ನಾಲ್ಕು ವರ್ಷ ಬಿಟ್ಟು 1979ರಲ್ಲಿ ಆರು, ಒಟ್ಟು ಹನ್ನೆರಡೇ. ಜಾನ್ ಕ್ಲೀಸ್ ಮತ್ತೆ ಕಾನಿ ಬೂತ್ ಗಂಡ ಹೆಂಡತಿಯಾಗಿ ಬರೆಯೋಕೆ ಶುರು ಮಾಡಿದ್ದು, ಎರಡನೇ ಸೀಸನ್ ಬರೋಷ್ಟರಲ್ಲಿ ಬೇರೆ ಆಗಿದ್ರು, ಆದ್ರೂ ಕೂತು ಬರೆದ್ರು, ಬರವಣಿಗೆ ಒಂಚೂರೂ ಕಳೆಗುಂದಿಲ್ಲ. ಟಾರ್ಕಿ ಅನ್ನೋ ಸಮುದ್ರ ತೀರದ ಊರಲ್ಲಿ ಒಂದು ಸಣ್ಣ ಹೋಟೆಲ್, ಮಾಲೀಕ ಬೇಸಿಲ್‌ಗೆ ಗಿರಾಕಿಗಳನ್ನ ಕಂಡ್ರೇ ಆಗಲ್ಲ. ಕ್ಲೀಸ್ ಮತ್ತೆ ಅವರ ಗೆಳೆಯರು 1970ರಲ್ಲಿ ಆ ಊರಿನ ಒಂದು ಹೋಟೆಲಲ್ಲಿ ಉಳಿದಿದ್ದಾಗ ಕಂಡ ಮಾಲೀಕನೇ ಇದಕ್ಕೆ ಸ್ಫೂರ್ತಿ. ಬೇಸಿಲ್ ಒಂದು ಸಣ್ಣ ಸುಳ್ಳು ಹೇಳ್ತಾನೆ, ಅದನ್ನ ಮುಚ್ಚೋಕೆ ಇನ್ನೊಂದು, ಅದಕ್ಕೆ ಮತ್ತೊಂದು, ಕೊನೆ ಐದು ನಿಮಿಷದಲ್ಲಿ ಎಲ್ಲಾ ಒಟ್ಟಿಗೆ ಕುಸಿದು ಬೀಳುತ್ತೆ. ಮೂರನೇ ಸಲ ನೋಡುವಾಗ ಕಥೆ ಬಿಟ್ಟು ಬಾಗಿಲುಗಳನ್ನ ನೋಡಿ, ಯಾರು ಯಾವ ಬಾಗಿಲಿಂದ ಹೋದ್ರು, ಯಾವ ಗಳಿಗೇಲಿ ಇನ್ನೊಬ್ಬರು ಬಂದ್ರು, ಅರ್ಧ ಸೆಕೆಂಡ್ ತಪ್ಪಿದ್ರೂ ನಗು ಹುಟ್ಟಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು, ದಿ ಜರ್ಮನ್ಸ್ ಎಪಿಸೋಡಲ್ಲಿ ಮುದುಕ ಮೇಜರ್ ನಮ್ಮ ಕ್ರಿಕೆಟ್ ಟೀಮ್ ನೆನಪು ಮಾಡ್ಕೊಂಡು ಭಾರತೀಯರನ್ನ ಕೀಳಾಗಿ ಕರೆಯೋ ಪದ ಬಳಸ್ತಾನೆ. ಆ ಕಾಲದ ಅಂಥ ಮುದುಕರನ್ನ ತೋರಿಸೋಕೆ ಇಟ್ಟಿದ್ದು ಅಂತ ನನಗೆ ಅರ್ಥ ಆಗುತ್ತೆ, ಆದ್ರೂ ಕಿವಿಗೆ ಬಿದ್ದಾಗೆಲ್ಲ ಮನಸ್ಸಿಗೆ ಚುಚ್ಚುತ್ತೆ, ಮಕ್ಕಳ ಜೊತೆ ನೋಡೋದಾದ್ರೆ ಮೊದಲೇ ಹೇಳಿ ಕೂರಿಸಿ. ಮೈಂಡ್ ಯುವರ್ ಲ್ಯಾಂಗ್ವೇಜ್, ಇಂಗ್ಲಿಷ್ ಕಲಿಯೋಕೆ ಬಂದ ಬೇರೆ ಬೇರೆ ದೇಶದವರ ಕ್ಲಾಸಿನ ಕಾಮಿಡಿ, ಅದರ ಬಗ್ಗೆ ಹೆಚ್ಚು ಬರೆಯಲ್ಲ. ನಮ್ಮಲ್ಲಿ ತುಂಬಾ ಜನಕ್ಕೆ ಇಷ್ಟ, ಚಿಕ್ಕವನಿದ್ದಾಗ ನನಗೂ ಇಷ್ಟ ಆಗಿತ್ತು, ಈಗ ಎರಡು ಎಪಿಸೋಡ್‌ಗಿಂತ ಮುಂದೆ ಹೋಗೋಕೆ ಆಗಲ್ಲ, ಒಂದು ದೇಶಕ್ಕೆ ಒಂದು ಜೋಕ್ ಅಂತ ಹಂಚಿಬಿಟ್ಟಿದಾರೆ.

ಕೀಪಿಂಗ್ ಅಪ್ ಅಪಿಯರೆನ್ಸಸ್ ನಮ್ಮಮ್ಮಂದು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಓದಿದ್ದು ಏಳನೇ ಕ್ಲಾಸು. ಆದ್ರೂ ಪೆಟ್ರೀಷಿಯಾ ರೌಟ್ಲೆಜ್ ಹ್ಯಾಟ್ ಹಾಕ್ಕೊಂಡು ಬಂದ್ರೆ ಸಾಕು, ಕೈಯಲ್ಲಿರೋ ಹೂವಿನ ದಾರ ಪಕ್ಕಕ್ಕಿಟ್ಟು ಕೂತ್ಬಿಡ್ತಾರೆ. ಹಯಸಿಂತ್ ಅನ್ನೋ ಆ ಹೆಂಗಸಿನ ಗಂಡನ ಮನೆ ಹೆಸರು ಬಕೆಟ್, ಅದನ್ನ ಎಲ್ಲರೂ ಬೊಕೆ ಅಂತಲೇ ಕರೀಬೇಕು ಅಂತ ಅವಳ ಹಠ. ಪಕ್ಕದ ಮನೆ ಎಲಿಜಬೆತ್ ಕಾಫಿಗೆ ಬರ್ತಾಳೆ, ಅವಳ ಕೈಗೆ ಬೆಲೆ ಬಾಳೋ ಪಿಂಗಾಣಿ ಕಪ್ಪು ಕೊಡ್ತಾಳೆ, ಎಲ್ಲಿ ಬೀಳಿಸಿಬಿಡ್ತೀನೋ ಅನ್ನೋ ಭಯಕ್ಕೆ ಎಲಿಜಬೆತ್ ಕೈ ಗಡಗಡ ನಡುಗುತ್ತೆ, ಕಪ್ಪು ಬಸಿ ಮೇಲೆ ಟಕಟಕ ಅನ್ನೋ ಸದ್ದು ಕೇಳ್ತಿದ್ದ ಹಾಗೇ ಅಮ್ಮ "ಅಯ್ಯೋ ಪಾಪ, ಸ್ಟೀಲ್ ಲೋಟದಲ್ಲಿ ಕೊಡಬಾರ್ದಾ ಅವಳಿಗೆ" ಅಂತಾರೆ. ಆ ಒಂದು ಮಾತಿಗೆ ಇಡೀ ಐದು ಸೀಸನ್ ಅರ್ಥ ಆಗಿರೋದು ಕಾಣುತ್ತೆ. ಅಮ್ಮನ ಪ್ರಕಾರ ಹಯಸಿಂತ್ ಅಂದ್ರೆ ನಮ್ಮ ದೊಡ್ಡತ್ತೆ, ಒಳ್ಳೆ ಮನಸ್ಸು, ಆದ್ರೆ ನೆಂಟರ ಎದುರಿಗೆ ಬಡ ತಂಗಿಯರನ್ನ ಒಪ್ಪಿಕೊಳ್ಳೋಕೆ ಕಷ್ಟ.

ಈಗ ಸೈನ್ಸ್ ಕಡೆಗೆ. ಜೇಮ್ಸ್ ಬರ್ಕ್ ಅವರ ಕನೆಕ್ಷನ್ಸ್, 1978, ಹತ್ತು ಎಪಿಸೋಡ್, ಒಂದು ಆವಿಷ್ಕಾರ ಇನ್ನೊಂದಕ್ಕೆ ಹೇಗೆ ದಾರಿ ಆಯ್ತು ಅನ್ನೋ ಕಥೆ, ನಮ್ಮ ಅಜ್ಜಿಯರು ಕಥೆ ಒಳಗೆ ಕಥೆ ಹೇಳ್ತಿದ್ರಲ್ಲ, ಹಾಗೆ ಒಂದು ಎಳೆ ಹಿಡಿದು ಇನ್ನೆಲ್ಲಿಗೋ ಕರ್ಕೊಂಡು ಹೋಗ್ತಾರೆ. ಮೊದಲ ಎಪಿಸೋಡ್ ಶುರು ಆಗೋದು 1965ರ ನವೆಂಬರಲ್ಲಿ ನ್ಯೂಯಾರ್ಕ್‌ನ ಬಹುಪಾಲು ಕರೆಂಟ್ ಹೋಗಿದ್ದರಿಂದ, ಅಲ್ಲಿಂದ ಹಿಂದೆ ಹಿಂದೆ ಹೋಗಿ ನೇಗಿಲಿಗೆ ಬಂದು ನಿಲ್ಲುತ್ತೆ. ನಾವೆಲ್ಲ ಯಾವುದರ ಮೇಲೆ ನಿಂತಿದೀವಿ, ಅದು ಕೈಕೊಟ್ರೆ ಏನ್ ಮಾಡ್ತೀವಿ ಅಂತ ಕೇಳ್ತಾರೆ. ಲೋಡ್ ಶೆಡ್ಡಿಂಗ್ ಕಂಡಿರೋ ನಮಗೆ ಆ ಪ್ರಶ್ನೆ ಚೆನ್ನಾಗಿ ತಾಗುತ್ತೆ. ಇನ್ನೊಂದರಲ್ಲಿ ಥರ್ಮಾಸ್ ಫ್ಲಾಸ್ಕ್‌ನಿಂದ ಮಾತು ತಗೊಂಡು ಹೋಗಿ, ಕೈ ತೋರಿಸಿದ ಅದೇ ಗಳಿಗೇಲಿ ಹಿಂದೆ ನಿಜವಾದ ರಾಕೆಟ್ ಮೇಲಕ್ಕೆ ಏಳುತ್ತೆ. ರಾಕೆಟ್‌ಗೆ ರೀಟೇಕ್ ಇಲ್ಲ, ಒಂದೇ ಅವಕಾಶ.

ಕಾಡು, ಪ್ರಾಣಿಗಳ ಸಾಕ್ಷ್ಯಚಿತ್ರ ಮಾಡೋ ಡೇವಿಡ್ ಅಟೆನ್‌ಬರೋ ಬಗ್ಗೆ ಎಲ್ಲರಿಗೂ ಗೊತ್ತು. 1979ರ ಲೈಫ್ ಆನ್ ಅರ್ತ್, 13 ಎಪಿಸೋಡ್, ಚಿತ್ರ ಈಗಿನ ಕಣ್ಣಿಗೆ ಮಂಕು ಅನ್ಸಬಹುದು, ಆದ್ರೆ ರುವಾಂಡಾದ ಗೊರಿಲ್ಲಾಗಳ ನಡುವೆ ಅವರು ಮಲಗಿರೋ ದೃಶ್ಯಕ್ಕೆ ಸಮ ಇಲ್ಲ. ಹೆಬ್ಬೆರಳು ಬೇರೆ ಬೆರಳುಗಳಿಗೆ ಎದುರಾಗಿ ಬರೋದರ ಬಗ್ಗೆ ಹೇಳ್ಬೇಕು ಅಂತ ಹೋದೋರು, ಮರಿಗಳು ಮೈಮೇಲೆ ಬಂದು ಆಡೋಕೆ ಶುರು ಮಾಡಿದ್ಮೇಲೆ ಪಾಠ ಬಿಟ್ಟು ಪಿಸುಮಾತಿಗೆ ಇಳೀತಾರೆ. ಪ್ಲಾನೆಟ್ ಅರ್ತ್ ಎರಡನೇ ಭಾಗದಲ್ಲಿ, 2016ರದ್ದು, ಗಾಲಪಗೋಸ್‌ನಲ್ಲಿ ಆಗ ತಾನೇ ಮೊಟ್ಟೆಯಿಂದ ಬಂದ ಇಗ್ವಾನಾ ಮರಿಯನ್ನ ಹಾವುಗಳು ಅಟ್ಟಿಸಿಕೊಂಡು ಬರೋದು ನೋಡೋವಾಗ ನಮ್ಮನೇಲಿ ಎಲ್ಲರೂ ಸೋಫಾದಿಂದ ಎದ್ದು ನಿಂತಿದ್ರು. ಅದೇ ದನೀಲಿ ನಮ್ಮ ಕಾಡನ್ನ ಕೇಳೋ ಭಾಗ್ಯನೂ ಸಿಕ್ತು, ವೈಲ್ಡ್ ಕರ್ನಾಟಕ 2020ರ ಜನವರೀಲಿ ಥಿಯೇಟರ್‌ಗೆ ಬಂದಾಗ ಮೂರೂ ತಲೆಮಾರು ಒಟ್ಟಿಗೆ ಹೋಗಿದ್ವಿ. ಅದು ಬ್ರಿಟಿಷ್ ಸೀರೀಸ್ ಅಲ್ಲ, ನಮ್ಮವರೇ ತೆಗೆದಿದ್ದು, ಆದ್ರೆ ಇಂಗ್ಲಿಷ್ ದನಿ ಅಟೆನ್‌ಬರೋ ಅವರದ್ದೇ.

ಹೊರೈಜನ್ ಅನ್ನೋ ಬಿಬಿಸಿ ವಿಜ್ಞಾನ ಸರಣಿಯಲ್ಲಿ 1996ರಲ್ಲಿ ಫರ್ಮಾನ ಕೊನೆ ಪ್ರಮೇಯ, ಅಂದ್ರೆ ಶತಮಾನಗಟ್ಟಲೆ ಯಾರೂ ಬಿಡಿಸದೆ ಉಳಿದಿದ್ದ ಗಣಿತದ ಒಗಟಿನ ಬಗ್ಗೆ ಒಂದು ಬಂತು, ಸೈಮನ್ ಸಿಂಗ್ ಮಾಡಿದ್ದು. ಮೊದಲ ಒಂದೆರಡು ನಿಮಿಷದಲ್ಲೇ ಅದನ್ನ ಬಿಡಿಸಿದ ಗಣಿತಜ್ಞ ಆಂಡ್ರ್ಯೂ ವೈಲ್ಸ್ ಮಾತಾಡ್ತಾ ಮಾತಾಡ್ತಾ ಗಂಟಲು ಕಟ್ಟಿ ಮುಖ ತಿರುಗಿಸ್ತಾರೆ. ಗಣಿತ ನನಗೆ ಅರ್ಧಂಬರ್ಧ ಅರ್ಥ ಆಗೋದು, ಆದ್ರೆ ವರ್ಷಾನುಗಟ್ಟಲೆ ಗುಟ್ಟಾಗಿ ಒಂದೇ ಲೆಕ್ಕದ ಹಿಂದೆ ಬಿದ್ದ ಮನುಷ್ಯನ ಮುಖ ಅದು, ಕ್ಯಾಮೆರಾ ಅಲ್ಲಿಂದ ಕದಲಲ್ಲ. ಮಗಳು ಗಣಿತ ತಗೊಂಡಿದ್ದಕ್ಕೆ ಈ ಐವತ್ತು ನಿಮಿಷಾನೂ ಒಂದು ಕಾರಣ.

ಕೊನೇದಾಗಿ ಗಣಿತಜ್ಞ ಬ್ರೊನೊವ್‌ಸ್ಕಿ ಅವರ ದಿ ಅಸೆಂಟ್ ಆಫ್ ಮ್ಯಾನ್, 1973, ಹದಿಮೂರು ಎಪಿಸೋಡ್, ಮನುಷ್ಯನ ವಿಜ್ಞಾನ ಬೆಳೆದು ಬಂದ ಕಥೆ. ನಿಧಾನ, ತುಂಬಾ ಮಾತು, ಮೊದಲ ಮೂರು ನೋಡೋವಾಗ ನಿದ್ದೆ ಬಂದ್ರೂ ಬಿಡಬೇಡಿ. ಹನ್ನೊಂದನೇದರಲ್ಲಿ ಅವರು ನಾಜಿಗಳು ಯಹೂದಿಗಳನ್ನ ಸಾಮೂಹಿಕವಾಗಿ ಕೊಂದ ಆಶ್ವಿಟ್ಜ್ ಶಿಬಿರಕ್ಕೆ ಹೋಗ್ತಾರೆ. ಅವರ ಮನೆತನದ ಎಷ್ಟೋ ಜನ ಸತ್ತಿದ್ದು ಅಲ್ಲಿ, ಬೂದಿ ಸುರಿದಿದ್ದು ಅಲ್ಲಿನ ಕೊಳಕ್ಕೆ. ತನಗೆ ಎಲ್ಲಾ ಖಚಿತವಾಗಿ ಗೊತ್ತು ಅಂತ ಮನುಷ್ಯ ನಂಬಿದಾಗ ಏನಾಗುತ್ತೆ ಅಂತ ಹೇಳ್ತಾ ಹೇಳ್ತಾ ಸೂಟ್ ಹಾಕಿದ ಆ ವಯಸ್ಸಾದ ವಿಜ್ಞಾನಿ ಸೀದಾ ಕೊಳದ ನೀರಿಗೆ ಇಳಿದು, ಬಗ್ಗಿ ಒಂದು ಮುಷ್ಟಿ ಕೆಸರು ಎತ್ಕೋತಾರೆ. ಸಂಗೀತ ಇಲ್ಲ, ಏನೂ ಇಲ್ಲ. ಮಗಳು ಇದನ್ನ ಮೊದಲ ಸಲ ನೋಡಿದ್ದು ಹೋದ ವರ್ಷ. ಮುಗಿದ್ಮೇಲೆ ರಿಮೋಟ್ ಇಸ್ಕೊಂಡು ಮತ್ತೆ ಅದೇ ಜಾಗಕ್ಕೆ ಹಿಂದೆ ಹಾಕಿದ್ಲು, ನಿಲ್ಲಿಸಿ, ಟಿವಿ ಹತ್ರ ಹೋಗಿ ನೀರಿನ ಮೇಲೆ ಬೆರಳಿಟ್ಟು ತೋರಿಸಿದ್ಲು, "ಅಪ್ಪಾ, ಶೂ ಬಿಚ್ಚೇ ಇಲ್ಲ ನೋಡು."