ಮಂಡಿ ಶಸ್ತ್ರಚಿಕಿತ್ಸೆಯಾದ ಸೈನಿಕರಿಗೆ ಮೈಸೂರಿನ ಒಂದು ಫಿಸಿಯೋಥೆರಪಿ ಕೇಂದ್ರ

ಮಂಡಿಯ ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆಯ ನಂತರ ಸಿಕ್ ಲೀವ್ ಮೇಲೆ ಊರಿಗೆ ಬಂದ ಸೈನಿಕನಿಗೆ ನೋವಿಲ್ಲದೆ ನಡೆದರೆ ಸಾಲದು. ಅವನು ಕೆಳಗಿನ ವೈದ್ಯಕೀಯ ವರ್ಗದಿಂದ ಮತ್ತೆ ಶೇಪ್-1ಕ್ಕೆ, ಅಂದರೆ ಸೇನೆಯ ಪೂರ್ಣ ಆರೋಗ್ಯದ ವರ್ಗಕ್ಕೆ, ಏರಬೇಕು, ರೈಫಲ್ ಹಾಗೂ ಪ್ಯಾಕ್ ಹೊತ್ತು 5 ಕಿಲೋಮೀಟರ್ ಓಡಿ, 9 ಅಡಿಯ ಹಳ್ಳ ಹಾರಿ, ಹಗ್ಗ ಹತ್ತಿ ಬಿಪಿಇಟಿ ಎಂಬ ಸೇನೆಯ ದೈಹಿಕ ಸಾಮರ್ಥ್ಯ ಪರೀಕ್ಷೆ ಪಾಸಾಗಬೇಕು. ಬಹುತೇಕ ಕಡೆ ಕರೆಂಟ್ ಕೊಟ್ಟು ಕಳುಹಿಸುವುದೇ ಚಿಕಿತ್ಸೆ. ನಾನು ಹೋದ ಮೈಸೂರಿನ ಈ ಕೇಂದ್ರದಲ್ಲಿ ಹಾಗಿಲ್ಲ.

ಮೊದಲು ಊತ ಇಳಿಸಿ, ಮಂಡಿ ಪೂರ್ತಿ ಚಾಚುವಂತೆ ಮಾಡಿ, ಆಮೇಲೆ ತೊಡೆಯ ಸ್ನಾಯುವಿಗೆ ಬಲ ತುಂಬಿಸಿದರು. ಒಂಟಿಗಾಲಲ್ಲಿ ಕುಪ್ಪಳಿಸಿ ಇಳಿದ ಜಾಗಕ್ಕೆ ಥೆರಪಿಸ್ಟ್ ಸೀಮೆಸುಣ್ಣದ ಗೆರೆ ಎಳೆದು ಟೇಪಿನಿಂದ ಅಳೆಯುತ್ತಿದ್ದರು. ಗಾಯಗೊಂಡ ಕಾಲು ಇನ್ನೊಂದರ ಶೇಕಡ 90ರಷ್ಟು ದೂರ ಮುಟ್ಟುವವರೆಗೆ, ನಾನು ಎಷ್ಟೇ ಗೋಗರೆದರೂ ಪ್ಯಾಕ್ ಹೊತ್ತು ಓಡಲು ಬಿಡಲಿಲ್ಲ. ಕಸಿ ಮಾಡಿದ ಅಸ್ಥಿರಜ್ಜು ಗಟ್ಟಿಯಾಗಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕೆಂಬ ಕಾರಣಕ್ಕೆ ಈ ಹಟ ನನಗೆ ಸರಿಯೆನಿಸಿತು.

ಕೊರತೆಗಳೂ ಇವೆ. ನೆಲ ಸಿಮೆಂಟಿನದು, ಜಿಗಿತಕ್ಕೆ ಮರಳಿನ ಅಂಕಣವಿಲ್ಲ. ಸಂಜೆ ಸರದಿ ಬಹಳ ಉದ್ದ. ವರ್ಗವನ್ನು ನಿರ್ಧರಿಸುವುದು ಸೇನೆಯ ವೈದ್ಯಕೀಯ ಮಂಡಳಿಯೇ ಆದ್ದರಿಂದ, ಅಲ್ಲಿಗೆ ಒಯ್ಯಲು ಅಳತೆಗಳಿರುವ ವರದಿಯನ್ನು ಕೇಳಿಯೇ ಬರೆಸಿಕೊಳ್ಳಬೇಕು.